ನೆಲುವು ಹೋಯಿತು, ಬೆಕ್ಕು ಕಟ್ಟೆ ಏರಿತು

ಕೃಷ್ಣದೇವರಾಯ ಸಾಕಲು ಕೊಟ್ಟ ಬೆಕ್ಕಿಗೆ ತೆನಾಲಿ ರಾಮಕೃಷ್ಣ ಕುದಿಯುವ ಹಾಲಿಟ್ಟನಂತೆ. ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲು ಕಂಡರೆ ಓಡುತ್ತಿತ್ತು. ಕಥೆ ಸೊಗಸು, ಉಪಾಯ ಮಾತ್ರ ಕ್ರೂರ. ನಮ್ಮ ಹಳ್ಳಿಮನೆಗಳ ಉಪಾಯ ಬೇರೆ. ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು ತೊಲೆಯಿಂದ ಇಳಿಬಿಟ್ಟ ಹಗ್ಗದ ನೆಲುವಿನಲ್ಲಿ ತೂಗುತ್ತಿದ್ದವು. ಇಲಿ ಹಿಡಿಯಲು ಬೆಕ್ಕು ಬೇಕಿತ್ತು. ಅದಕ್ಕೆ ಬುದ್ಧಿ ಕಲಿಸುವ ಗೊಡವೆ ಇರಲಿಲ್ಲ.

ಒಲೆ ನೆಲದಿಂದ ಕಟ್ಟೆಗೇರಿತು, ನೆಲುವು ಮರೆಯಾಯಿತು. ಬೆಕ್ಕೂ ಕಟ್ಟೆಗೇರಿತು. ಬೈಗುಳ, ನೀರೆರಚಾಟ ಶುರುವಾಯಿತು.

ಇದು ಫಲಿಸದೇಕೆ? ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿ, ಹೊರಗೆ ಆಹಾರವಿಟ್ಟು ನಡೆಸಿದ ಪ್ರಯೋಗಗಳನ್ನು 1898ರಲ್ಲಿ ಪ್ರಕಟಿಸಿದ. ಪರಚಾಡುವಾಗ ಅಕಸ್ಮಾತ್ತಾಗಿ ಅಗುಳಿ ಕಳಚುತ್ತಿತ್ತು. ಮತ್ತೆ ಮತ್ತೆ ಕೂಡಿದಂತೆ ಬೆಕ್ಕು ಬೇಗ ಬೇಗ ಹೊರಬರುತ್ತಿತ್ತು. ಸುಖ ತಂದ ವರ್ತನೆ ಉಳಿಯುತ್ತದೆ, ನೋವು ತಂದದ್ದು ಅಳಿಯುತ್ತದೆ ಎಂದು ಆತ ಮೊದಲು ಹೇಳಿದ. 1930ರ ದಶಕದಲ್ಲಿ ಎರಡನೆಯ ಮಾತನ್ನು ತಿದ್ದಿಕೊಂಡ: ಶಿಕ್ಷೆಗೆ ಬಹುಮಾನದಷ್ಟು ಬಲವಿಲ್ಲ.

ಕಟ್ಟೆಯ ಮೇಲೆ ಸಿಕ್ಕ ಮೀನಿನ ಚೂರು ಬೆಕ್ಕಿಗೆ ಬಹುಮಾನವೇ. ಗದರಿದರೆ ಅದು ಕಲಿಯುವುದು, ಗದರುವವರಿಲ್ಲದಾಗ ಹತ್ತಬೇಕೆಂಬುದನ್ನು! ಅದಕ್ಕೆ ಎತ್ತರವೂ ಇಷ್ಟ. ಆದ್ದರಿಂದ ಕಟ್ಟೆಯನ್ನು ಒರೆಸಿ ಬರಿದಾಗಿಟ್ಟು, ಕಿಟಕಿಯ ಬಳಿ ಅಷ್ಟೇ ಎತ್ತರದ ಜಾಗ ಮಾಡಿ, ಅಲ್ಲಿ ಕುಳಿತಾಗಲೆಲ್ಲ ತಿನಿಸು ಕೊಡಬೇಕು. ದಿನ ಕಳೆದಂತೆ ಬೆಕ್ಕು ತಾನಾಗಿ ಅತ್ತ ಹೋಗುತ್ತದೆ. ಆದರೆ ಒಂದು ರಾತ್ರಿ ಹಾಲಿನ ಪಾತ್ರೆ ಮುಚ್ಚಲು ಮರೆತರೂ ಪಾಠ ಮೊದಲಿನಿಂದ ಆಗಬೇಕಾದೀತು.