ಹೃದಯ ನೋಡಲು ಬಂದ ಬೆಳಕು

ಕೇಳುಗರೇ, ಆಂಜಿಯೋಗ್ರಾಂ ಎಂದರೇನೆಂದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ತೊಡೆಯಿಂದಲೋ ಕೈಯಿಂದಲೋ ಅಪಧಮನಿಯೊಳಗೆ ಸಣ್ಣ ಕೊಳವೆ ತೂರಿಸಿ, ಹೃದಯದ ರಕ್ತನಾಳಕ್ಕೆ ಅಯೋಡಿನ್ ದ್ರವ ಬಿಟ್ಟು ಎಕ್ಸ್-ರೇ ತೆಗೆಯುತ್ತಾರೆ. ಅಪರೂಪಕ್ಕಾದರೂ ಇದರಲ್ಲಿ ಅಪಾಯವುಂಟು. ಆ ಕೊಳವೆಯೇ ಬೇಡವೆಂದರೆ? ಈ ಪ್ರಶ್ನೆ ಹಿಡಿದವರು ಹೋದದ್ದು ಭೌತವಿಜ್ಞಾನದ ಪ್ರಯೋಗಾಲಯಕ್ಕೆ!

1947ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಿಂಕ್ರೊಟ್ರಾನ್ ಯಂತ್ರದಲ್ಲಿ ಎಲೆಕ್ಟ್ರಾನುಗಳು ಗಿರಗಿರನೆ ಸುತ್ತುವಾಗ ಬೆಳಕು ಹೊಮ್ಮಿದ್ದು ಕಣ್ಣಿಗೆ ಬಿತ್ತು. ತಿರುವಿನಲ್ಲಿ ಅವು ಚೆಲ್ಲುವ ಶಕ್ತಿಯದು. ಯಂತ್ರ ನಡೆಸುವವರಿಗೆ ಅದು ಬರೀ ನಷ್ಟದ ಬಾಬತ್ತು. ಆದರೆ ದೊಡ್ಡ ಯಂತ್ರಗಳಲ್ಲಿ ಅದೇ ಪ್ರಖರವಾದ ಎಕ್ಸ್-ರೇ.

ಸ್ಟ್ಯಾನ್‌ಫರ್ಡಿನ ವೈದ್ಯ ಎಡ್ವರ್ಡ್ ರೂಬೆನ್‌ಸ್ಟೈನ್, ನೊಬೆಲ್ ವಿಜೇತ ರಾಬರ್ಟ್ ಹಾಫ್‌ಸ್ಟಾಡ್ಟರ್ ಮತ್ತು ಸಂಗಡಿಗರ ಉಪಾಯ ಕೇಳಿ. ಎಕ್ಸ್-ರೇ ಶಕ್ತಿ 33.17 ಕಿಲೋ ಎಲೆಕ್ಟ್ರಾನ್ ವೋಲ್ಟ್ ದಾಟಿದೊಡನೆ ಅಯೋಡಿನ್ ಅದನ್ನು ಥಟ್ಟನೆ ಹೆಚ್ಚು ಹೀರುತ್ತದೆ. ಮೂಳೆ, ಮಾಂಸ ಹಾಗಲ್ಲ. ಆ ಗಡಿಯ ಈಚೆಗೊಂದು, ಆಚೆಗೊಂದು ಚಿತ್ರ ತೆಗೆದು ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಅಯೋಡಿನ್ ಇರುವ ರಕ್ತನಾಳ. ಸಿರೆಗೆ ಚುಚ್ಚಿದ ಅಯೋಡಿನ್ ಹೃದಯ ಮುಟ್ಟುವಷ್ಟರಲ್ಲಿ ತೆಳುವಾಗಿದ್ದರೂ ಕಾಣುತ್ತದೆ. ಮಾಮೂಲಿ ಎಕ್ಸ್-ರೇ ಕೊಳವೆಗೆ ಇಷ್ಟು ಶುದ್ಧ, ಇಷ್ಟು ಪ್ರಖರ ಕಿರಣ ಸಾಧ್ಯವಿರಲಿಲ್ಲ.

1986ರಲ್ಲಿ ಅಲ್ಲಿ ಮೊದಲ ರೋಗಿಗಳ ಚಿತ್ರ ತೆಗೆದರು. ರೋಗಿ ಕುರ್ಚಿಯಲ್ಲಿ ಕೂರಬೇಕು, ತೆಳುಕಿರಣದ ಮುಂದೆ ಕುರ್ಚಿಯೇ ಮೇಲೆ ಕೆಳಗೆ ಸರಿಯಬೇಕು. ಮುಂದೆ ಜರ್ಮನಿಯ ಹ್ಯಾಂಬರ್ಗಿನಲ್ಲಿ ನೂರಾರು ರೋಗಿಗಳು ಹೀಗೆ ಪರೀಕ್ಷೆಗೊಳಗಾದರು.

ಆದರೆ ಅಷ್ಟು ದೊಡ್ಡ ಯಂತ್ರವನ್ನು ಯಾವ ಆಸ್ಪತ್ರೆ ತಾನೇ ಇಟ್ಟುಕೊಂಡೀತು? ಅಷ್ಟರಲ್ಲಿ ಸಿ.ಟಿ. ಸ್ಕ್ಯಾನರ್ ವೇಗ ಪಡೆಯಿತು. ಸಿರೆಗೆ ಚುಚ್ಚಿ ಹೃದಯ ನೋಡುವ ಕೆಲಸ ಅದರ ಪಾಲಾಯಿತು. ಸಿಂಕ್ರೊಟ್ರಾನಿನವರೇನೂ ಕೈಕಟ್ಟಿ ಕೂರಲಿಲ್ಲ: 2006ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಅದೇ ಬೆಳಕಿನಿಂದ ಮಹಿಳೆಯರ ಸ್ತನ ತಪಾಸಣೆ ಆರಂಭಿಸಿದರು.