ಗಿಫ್: ಮತ್ತೆ ಮತ್ತೆ ತಿರುಗುವ ಚಿತ್ರ

ತುರೋರಿ (ಉಮರ್ಗಾ ತಾಲೂಕು): ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಹೊರಡುವ ಮುನ್ನವೇ ಮೊಬೈಲಿಗೆ ಶುಭಾಶಯ ಬಂದಿರುತ್ತದೆ. ಜೋಳದ ತೆನೆ ತೂಗುತ್ತಿರುತ್ತದೆ, ದೀಪದ ಕುಡಿ ಅಲುಗುತ್ತಿರುತ್ತದೆ, ಕೆಳಗೆ ಎರಡು ಸಾಲು ಬರಹ. ಮರಾಠಿಯಲ್ಲಿ ಇದೇ ಹಬ್ಬಕ್ಕೆ ವೇಳ ಅಮಾವಾಸ್ಯೆ ಎಂದು ಹೆಸರು. ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಎರಡೂ ಭಾಷೆಯ ಶುಭಾಶಯಗಳು ಒಂದೇ ಮನೆಗೆ ಬರುವುದುಂಟು. ಈ ಅಲುಗುವ ಚಿತ್ರವೇ ಗಿಫ್. ಅದು ಹೇಗೆ ಕೆಲಸ ಮಾಡುತ್ತದೆ, ಯಾವುದಕ್ಕೆ ಒಳ್ಳೆಯದು, ಯಾವುದಕ್ಕೆ ಒಳ್ಳೆಯದಲ್ಲ ಎಂಬ ಮಾಹಿತಿ ಇಲ್ಲಿದೆ.

ಅಲುಗುವುದು ಹೇಗೆ?

ನಿಜವಾಗಿ ಯಾವ ಚಿತ್ರವೂ ಅಲುಗುವುದಿಲ್ಲ. ಶಾಲೆಯ ಮಕ್ಕಳು ನೋಟುಬುಕ್ಕಿನ ಮೂಲೆಯಲ್ಲಿ ಹಾಳೆಗೊಂದರಂತೆ ಹಕ್ಕಿಯ ಚಿತ್ರ ಬರೆದು, ಹೆಬ್ಬೆರಳಿನಿಂದ ಹಾಳೆಗಳನ್ನು ಪಟಪಟನೆ ಬಿಟ್ಟರೆ ಹಕ್ಕಿ ಹಾರುತ್ತದೆ. ಗಿಫ್ ಕೂಡ ಇಷ್ಟೇ. ಒಂದೇ ಕಡತದಲ್ಲಿ ಹಲವು ನಿಂತ ಚಿತ್ರಗಳು, ಪ್ರತಿಯೊಂದೂ ಎಷ್ಟು ಹೊತ್ತು ಕಾಣಬೇಕು ಎಂಬ ಲೆಕ್ಕ. ಈ ಲೆಕ್ಕ ಸೆಕೆಂಡಿನ ನೂರನೇ ಒಂದು ಭಾಗದಲ್ಲಿರುತ್ತದೆ. ಸೆಕೆಂಡಿಗೆ 10 ಚಿತ್ರದಂತೆ ಮೂರು ಸೆಕೆಂಡಿಗೆ 30 ಚಿತ್ರ ಬೇಕು. ದೀಪದ ಕುಡಿಯೊಂದೇ ಅಲುಗುವುದಾದರೆ ಸಮೆಯನ್ನು ಒಮ್ಮೆ ಇಟ್ಟು, ಮುಂದೆ ಕುಡಿಯ ಭಾಗವನ್ನಷ್ಟೇ ಬದಲಿಸಿದರೂ ಸಾಕು. ಒಂದು ಚಿತ್ರದಲ್ಲಿ ಸಾಮಾನ್ಯವಾಗಿ 256 ಬಣ್ಣಗಳಿಗಷ್ಟೇ ಜಾಗ. ಧ್ವನಿ ಇರುವುದಿಲ್ಲ.

ಈ ಬಗೆಯ ಕೆಲಸ ನಮ್ಮ ದೇಶಕ್ಕೆ ಹೊಸದಲ್ಲ. 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆರೆಗೆ ತರುವ ಮುನ್ನ ದಾದಾಸಾಹೇಬ ಫಾಲ್ಕೆ ಅವರು ಕುಂಡದಲ್ಲಿ ಬಟಾಣಿ ಮೊಳೆತು ಬೆಳೆಯುವುದನ್ನು ಒಂದೊಂದೇ ಚಿತ್ರವಾಗಿ ತೆಗೆದು, ಜೋಡಿಸಿ ತೋರಿಸಿದ್ದರು.

ಎಲ್ಲಿಂದ ಬಂತು?

ಗಿಫ್ ಬಂದದ್ದು 1987ರಲ್ಲಿ. ಅಮೆರಿಕದ ಕಂಪ್ಯುಸರ್ವ್ ಎಂಬ ಸಂಸ್ಥೆಯಲ್ಲಿದ್ದ ಸ್ಟೀವ್ ವಿಲ್‌ಹೈಟ್ ಇದನ್ನು ರೂಪಿಸಿದರು. ಟೆಲಿಫೋನ್ ತಂತಿಯ ಮೂಲಕ ಬಣ್ಣದ ಚಿತ್ರವನ್ನು ಬೇಗ ಕಳಿಸುವುದು ಆಗಿನ ಉದ್ದೇಶ. 1989ರಲ್ಲಿ ಸುಧಾರಿತ ರೂಪ ಬಂತು. ತೊಂಬತ್ತರ ದಶಕದ ಮಧ್ಯದಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಒಂದು ಚಿಕ್ಕ ಸೂಚನೆಯನ್ನು ಸೇರಿಸಿತು: ಚಿತ್ರಮಾಲೆ ಮುಗಿದ ಕೂಡಲೇ ಮೊದಲಿನಿಂದ ತೋರಿಸು. ಗಿಫ್ ಕೊನೆಯಿಲ್ಲದೆ ತಿರುಗತೊಡಗಿದ್ದು ಹೀಗೆ. ಇದರಲ್ಲಿ ಬಳಕೆಯಾದ ಎಲ್‌ಝಡ್‌ಡಬ್ಲ್ಯು ಎಂಬ ಕುಗ್ಗಿಸುವ ವಿಧಾನದ ಮೇಲೆ ಯುನಿಸಿಸ್ ಕಂಪನಿಯ ಪೇಟೆಂಟ್ ಇತ್ತು. ಅಮೆರಿಕದಲ್ಲಿ ಅದು 2003ರಲ್ಲಿ ಮುಗಿಯಿತು. ವಾಟ್ಸಾಪಿಗೆ ಗಿಫ್ ಬಂದದ್ದು 2016ರಲ್ಲಿ. ಅಲ್ಲಿ ಹೋಗುವುದು ಹೆಚ್ಚಾಗಿ ಧ್ವನಿಯಿಲ್ಲದ ಚಿಕ್ಕ ವಿಡಿಯೋ. ಅಷ್ಟೇ ಹೊತ್ತಿನ ಗಿಫ್‌ಗಿಂತ ವಿಡಿಯೋಗೆ ಡೇಟಾ ಕಡಿಮೆ ಸಾಕು ಎಂಬುದೇ ಕಾರಣ. ವಿಲ್‌ಹೈಟ್ 2022ರಲ್ಲಿ ತೀರಿಕೊಂಡರು. 'ಜಿಫ್' ಎನ್ನಬೇಕು ಎಂಬುದು ಅವರ ವಾದವಾಗಿತ್ತು. ಆದರೆ ಜನರ ಬಾಯಲ್ಲಿ ನಿಂತದ್ದು 'ಗಿಫ್'!

ಅಕ್ಷರ ತಿದ್ದಲು ಒಳ್ಳೆಯದು

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ ತಾಲೂಕುಗಳು ಆಗಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಈ ಭಾಗದ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಮಕ್ಕಳ ಶಾಲೆ ಮರಾಠಿ. 'ಕೊಡು' ಎಂದರೇನು, 'ಕೋಡು' ಎಂದರೇನು ಎಂಬುದು ಇಂಥ ಮನೆಯ ಮಗುವಿನ ಕಿವಿಗೆ ಗೊತ್ತು. ಆದರೆ ಮರಾಠಿ ಬರಹದಲ್ಲಿ ಈ ಹ್ರಸ್ವ, ದೀರ್ಘಗಳಿಗೆ ಬೇರೆ ಬೇರೆ ಚಿಹ್ನೆ ಇಲ್ಲದ್ದರಿಂದ ಎರಡನ್ನೂ ಒಂದೇ ತರಹ ಬರೆಯುತ್ತದೆ. ಅಜ್ಜಿಯ ಜೊತೆ ಮಾತಾಡುವ ಮಗುವಿಗೆ ಅಜ್ಜನ ಹಳೆಯ ಪತ್ರ ಓದಲು ಬಾರದು.

ತಿರುಗುವ ಚಿತ್ರ ಉಪಯೋಗಕ್ಕೆ ಬರುವುದು ಇಲ್ಲಿ. ಬಳಪ ಎಲ್ಲಿಂದ ಹೊರಡಬೇಕು, ಎಲ್ಲಿ ಬಾಗಬೇಕು, ಒತ್ತಕ್ಷರ ಎಲ್ಲಿ ಕೂರಬೇಕು ಎಂಬುದು ಅಚ್ಚಿನ ಅಕ್ಷರ ನೋಡಿ ತಿಳಿಯುವುದು ಕಷ್ಟ. ಗಿಫ್ ಅದನ್ನು ಬೇಸರಪಡದೆ ನೂರು ಸಲ ತೋರಿಸುತ್ತದೆ. ಮಾಡುವುದೂ ಸುಲಭ. ಮೊಬೈಲನ್ನು ಕದಲದಂತೆ ಇಟ್ಟು, ಪಾಟಿಯ ಮೇಲೆ ಅಕ್ಷರವನ್ನು ಸ್ವಲ್ಪ ಸ್ವಲ್ಪವೇ ಬರೆಯುತ್ತ ಎಂಟು ಹತ್ತು ಫೋಟೋ ತೆಗೆಯಬೇಕು. ಫೋಟೋ ಜೋಡಿಸಿ ಗಿಫ್ ಮಾಡುವ ಉಚಿತ ಆಪ್‌ಗಳಿವೆ. ಪ್ರತಿ ಫೋಟೋಗೆ ಅರ್ಧ ಸೆಕೆಂಡು, ಕೊನೆಯದಕ್ಕೆ ಎರಡು ಸೆಕೆಂಡು ಕೊಟ್ಟರೆ ಮಗುವಿಗೆ ಹಿಂಬಾಲಿಸಲು ಸಮಯ ಸಿಗುತ್ತದೆ.

ಒಂದು ಮಾತು ನೆನಪಿಡಬೇಕು. ಚಿತ್ರದೊಳಗಿನ ಅಕ್ಷರ ಕೂಡ ಚಿತ್ರವೇ. ಹೆಸರು ಹಾಕಿ ಹುಡುಕಿದರೆ ಅದು ಸಿಗುವ ಭರವಸೆ ಇಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಎಷ್ಟೋ ಸಲ ದಕ್ಕುವುದಿಲ್ಲ. ಊರ ಸಭೆ, ಲಸಿಕೆ, ಪಡಿತರದಂಥ ವಿಷಯವಿದ್ದರೆ ಚಿತ್ರದ ಜೊತೆಗೆ ಯುನಿಕೋಡ್ ಅಕ್ಷರದಲ್ಲಿ ಟೈಪ್ ಮಾಡಿಯೂ ಕಳಿಸುವುದು ಒಳ್ಳೆಯದು.

ಸುದ್ದಿಗೆ ಒಳ್ಳೆಯದಲ್ಲ

ಅಕ್ಷರ ಕಲಿಸುವ ಗುಣವೇ ಸುದ್ದಿಯಲ್ಲಿ ದೋಷವಾಗುತ್ತದೆ. ಹತ್ತು ನಿಮಿಷದ ಘಟನೆಯಿಂದ ಮೂರು ಸೆಕೆಂಡು ಕತ್ತರಿಸಿದರೆ ಮೊದಲು ಏನಾಯಿತು, ನಂತರ ಏನಾಯಿತು ತಿಳಿಯದು. ಒಂದು ಕಲ್ಲು ಬಿದ್ದದ್ದು ಐವತ್ತು ಸಲ ಕಂಡರೆ ಐವತ್ತು ಕಲ್ಲು ಬಿದ್ದಂತೆ ಮನಸ್ಸು ಕುದಿಯುತ್ತದೆ. ಧ್ವನಿ ಇಲ್ಲದ್ದರಿಂದ ಅದೇ ತುಣುಕಿನ ಕೆಳಗೆ ಕನ್ನಡದಲ್ಲಿ ಒಂದು ಬರೆಯಬಹುದು, ಮರಾಠಿಯಲ್ಲಿ ಅದಕ್ಕೆ ತದ್ವಿರುದ್ಧ ಬರೆಯಬಹುದು.

2022ರ ಡಿಸೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ಬೆಳಗಾವಿ ಕಡೆಯ ಗಲಾಟೆಯಿಂದ ಎರಡೂ ರಾಜ್ಯಗಳ ನಡುವಿನ ಬಸ್ಸುಗಳಿಗೆ ಅಡ್ಡಿಯಾಗಿತ್ತು. ಬಸ್ಸು ನಿಂತರೆ ಆಚೆ ಕೊಟ್ಟ ಮಗಳು ತವರಿಗೆ ಬರುವುದು ನಿಲ್ಲುತ್ತದೆ, ಆಸ್ಪತ್ರೆ, ಸಂತೆ ತಪ್ಪುತ್ತವೆ. ಇಂಥ ಹೊತ್ತಿನಲ್ಲಿ ಯಾವ ಊರು, ಯಾವ ದಿನ ಎಂದು ತಿಳಿಯದ ತುಣುಕನ್ನು ಮುಂದೆ ಕಳಿಸದಿರುವುದೇ ಲೇಸು. ಬಸ್ಸಿನ ಮೇಲಿನ ಬರಹ, ನಂಬರ್ ಪ್ಲೇಟು, ಅಂಗಡಿ ಬೋರ್ಡು ನೋಡಿದರೆ ಎಷ್ಟೋ ಸಲ ಊರು ಗೊತ್ತಾಗುತ್ತದೆ. ಎರಡೂ ಲಿಪಿ ಓದಬಲ್ಲವರಿಗೆ ಇದು ಇನ್ನೂ ಸುಲಭ.

ಮಿನುಗುವ ಚಿತ್ರ: ಎಚ್ಚರಿಕೆ

ಮೂರ್ಛೆರೋಗ ಇರುವ ಕೆಲವರಿಗೆ ವೇಗವಾಗಿ ಮಿನುಗುವ ಬೆಳಕಿನಿಂದ ಫಿಟ್ಸ್ ಬರುತ್ತದೆ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಟಿವಿ ಕಾರ್ಟೂನೊಂದರ ಕೆಂಪು ನೀಲಿ ಮಿಂಚು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿನುಗಬಾರದು ಎಂಬುದು ಜಾಲತಾಣಗಳಿಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ. ಶುಭಾಶಯ ಮಾಡುವವರೂ ಇದನ್ನು ಪಾಲಿಸಬೇಕು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಪ್ರಯೋಜನವಿಲ್ಲ. ಬಾಯಿಗೆ ಏನನ್ನೂ ಹಾಕದೆ ಪಕ್ಕಕ್ಕೆ ಮಲಗಿಸಬೇಕು. ಐದು ನಿಮಿಷದಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು.

ದೀಪದ ಕುಡಿ ಎಷ್ಟು ಸಲ ತಿರುಗಿದರೂ ಯಾರಿಗೂ ನಷ್ಟವಿಲ್ಲ, ಮೆಲ್ಲಗೆ ಅಲುಗಿದರೆ ಸಾಕು. ಅಕ್ಷರ ತಿರುಗಿದಷ್ಟೂ ಲಾಭ. ಜಗಳದ ತುಣುಕು ಕೈಗೆ ಬಂದರೆ ಅದನ್ನು ಅಲ್ಲಿಯೇ ನಿಲ್ಲಿಸಬೇಕು.