ದೂರು ಕೊಡುವುದು ಯಾರಿಗೆ?



ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹೊರಟ ಬಸ್ಸು ಕಾಮಗೆರೆಯನ್ನು ದಾಟಿ ಹನೂರಿಗೆ ಬರುತ್ತದೆ. ಜಾತ್ರೆಗೆ ಹೋಗುವವರಿಗೆ ಇದು ಪರಿಚಿತ ದಾರಿ. 1990ರ ದಶಕದಲ್ಲಿ ಇದೇ ದಾರಿಯಲ್ಲಿ ವಿಶೇಷ ಕಾರ್ಯಪಡೆಯ ವಾಹನಗಳು ಓಡಾಡಿದವು. ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯಲು ಕರ್ನಾಟಕ ಮತ್ತು ತಮಿಳುನಾಡು ಸರ್ಕಾರಗಳು ಇಂತಹ ಪಡೆಗಳನ್ನು ರಚಿಸಿದ್ದವು.

ಈ ಕಾರ್ಯಾಚರಣೆಯಲ್ಲಿ ಪೊಲೀಸರೂ ಪ್ರಾಣ ತೆತ್ತರೆಂಬುದನ್ನು ಮರೆಯಬಾರದು. 1992ರ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಅಧಿಕಾರಿಗಳಾದ ಹರಿಕೃಷ್ಣ ಮತ್ತು ಶಕೀಲ್ ಅಹಮದ್ ಹತರಾದರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿಯ ನೆಲಬಾಂಬ್ ಸ್ಫೋಟ 22 ಜನರನ್ನು ಬಲಿ ತೆಗೆದುಕೊಂಡಿತು.

ಆದರೆ ಅದೇ ವರ್ಷಗಳಲ್ಲಿ ಕಾಡಂಚಿನ ಊರುಗಳಿಂದ ಬೇರೊಂದು ದನಿಯೂ ಕೇಳಿಬಂತು. ವೀರಪ್ಪನ್‌ಗೆ ನೆರವಾದರೆಂಬ ಶಂಕೆಯ ಮೇಲೆ ಬಡವರನ್ನು ಹಿಡಿದೊಯ್ದು ಹೊಡೆದರು, ವಿದ್ಯುತ್ ಶಾಕ್ ಕೊಟ್ಟರು, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು ಎಂಬ ದೂರುಗಳವು. ಟಾಡಾ ಕಾಯಿದೆಯಡಿ ಅನೇಕರು ವರ್ಷಗಟ್ಟಲೆ ಜೈಲಿನಲ್ಲಿದ್ದರು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಅವರಲ್ಲಿ ಬಹುಪಾಲು ಜನರನ್ನು ಖುಲಾಸೆಗೊಳಿಸಿತು.

ಈಗ ನೀವೇ ಯೋಚಿಸಿ. ಹೊಡೆದವರು ಪೊಲೀಸರೇ ಎಂದಾದರೆ ಠಾಣೆಗೆ ಹೋಗಿ ದೂರು ಬರೆಸುವುದು ಹೇಗೆ? ಸಿವಿಲ್ ದಾವೆ ಹೂಡೋಣವೆಂದರೆ, 1963ರ ಕರ್ನಾಟಕ ಪೊಲೀಸ್ ಕಾಯಿದೆಯ 170ನೆಯ ಕಲಮು ಅಡ್ಡ ಬರುತ್ತದೆ. ಕರ್ತವ್ಯದ ನೆಲೆಯಲ್ಲಿ ಮಾಡಿದ ಕೃತ್ಯಕ್ಕಾಗಿ ಪೊಲೀಸರ ಮೇಲೆ ದಾವೆ ಅಥವಾ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು. ಪ್ರಾಮಾಣಿಕ ಅಧಿಕಾರಿಗೆ ಇದು ರಕ್ಷಣೆ. ನೊಂದ ಕೂಲಿಯವನಿಗೆ ಇದೇ ಎತ್ತರದ ಗೋಡೆ.

ಈ ಗೋಡೆಗೆ ಒಂದು ಕಿಂಡಿ ಕೊರೆದದ್ದು ಒರಿಸ್ಸಾದ ಒಬ್ಬ ತಾಯಿಯ ಪತ್ರ. ಪೊಲೀಸರ ವಶದಲ್ಲಿ ಸತ್ತ ಮಗನಿಗಾಗಿ ನೀಲಬತಿ ಬೆಹೆರಾ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯೆಂದು ಸ್ವೀಕರಿಸಿತು. 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮೂಲಭೂತ ಹಕ್ಕಿಗೆ ಧಕ್ಕೆಯಾದಾಗ ಸರ್ಕಾರವು ತನ್ನ ಸಾರ್ವಭೌಮತ್ವದ ಹಿಂದೆ ಅಡಗುವಂತಿಲ್ಲ ಎಂಬುದು ತೀರ್ಪಿನ ತಿರುಳು.

ಅದೇ ವರ್ಷ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಹುಟ್ಟಿತು. 1999ರಲ್ಲಿ ಆಯೋಗವು ಕಾರ್ಯಪಡೆಯ ಮೇಲಿನ ದೂರುಗಳ ವಿಚಾರಣೆಗೆ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿ.ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿತು. ಹಳ್ಳಿಯ ಜನ ಸಮಿತಿಯ ಮುಂದೆ ನಿಂತು ತಮ್ಮ ಬಾಯಿಂದಲೇ ನಡೆದದ್ದನ್ನು ಹೇಳಿದರು. ವರದಿ 2003ರಲ್ಲಿ ಬಂತು. 2007ರ ಜನವರಿಯಲ್ಲಿ ಆಯೋಗವು 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರವನ್ನು ಶಿಫಾರಸು ಮಾಡಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪರಿಹಾರ ಬರುವುದು ಸರ್ಕಾರದ ಬೊಕ್ಕಸದಿಂದ, ಅಂದರೆ ನಮ್ಮೆಲ್ಲರ ತೆರಿಗೆಯಿಂದ. ಇಂಥವನೇ ತಪ್ಪಿತಸ್ಥ ಎಂದು ತೀರ್ಮಾನಿಸಿ ಶಿಕ್ಷಿಸುವುದು ಬೇರೆಯೇ ಕೆಲಸ, ಅದಕ್ಕೆ ಮೊಕದ್ದಮೆ ನಡೆಯಬೇಕು. ಮೊದಲನೆಯದು ಆಯಿತೆಂದು ಎರಡನೆಯದು ಮುಗಿದಂತಲ್ಲ.

2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ, 2012ರ ತಿದ್ದುಪಡಿಯ ಮೂಲಕ ಕರ್ನಾಟಕದಲ್ಲಿ ಪೊಲೀಸ್ ದೂರು ಪ್ರಾಧಿಕಾರಕ್ಕೆ ಕಾನೂನಿನ ಆಧಾರ ಒದಗಿತು. 1996ರ ಡಿ.ಕೆ. ಬಸು ತೀರ್ಪಿನಂತೆ ಬಂಧನದ ದಿನಾಂಕ ಮತ್ತು ವೇಳೆಯನ್ನು ಬರೆದು ಸಾಕ್ಷಿಯ ಸಹಿ ಪಡೆಯಬೇಕು, 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು. ಪ್ರಯೋಗಾಲಯದಲ್ಲಿ ಆಗಿಂದಾಗ್ಗೆ ಬರೆದಿಟ್ಟ ಅಳತೆಗೆ ಇರುವ ಬೆಲೆ ನೆನಪಿನಿಂದ ಹೇಳಿದ್ದಕ್ಕೆ ಇರುವುದಿಲ್ಲ. ಕಾಡಂಚಿನ ಆ ಜನರ ಕೈಯಲ್ಲಿ ಇಂತಹ ಒಂದು ಹಾಳೆ ಇದ್ದಿದ್ದರೆ ಅವರ ಮಾತಿಗೆ ಅಂದೇ ಆಧಾರ ಸಿಗುತ್ತಿತ್ತು.